ಸ್ಕ್ಯಾನಿಂಗ್ ಚೀಟಿಯಲ್ಲಿ ಬರೆಯದ ಪ್ರಶ್ನೆ

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮನೆಗಳ ಕಪಾಟಿನಲ್ಲಿ ರೇಷನ್ ಕಾರ್ಡು ಮತ್ತು ಜಾಗದ ಕಾಗದಪತ್ರಗಳ ಜೊತೆಗೆ ಆಸ್ಪತ್ರೆಯ ದೊಡ್ಡ ಲಕೋಟೆಯೊಂದು ಇರುವುದು ಸಾಮಾನ್ಯ. ಓದಿದ ನೆಂಟರು ಯಾರಾದರೂ ಬಂದರೆ ಅದರೊಳಗಿನ ಕಪ್ಪು ಫಿಲ್ಮನ್ನು ಹೊರತೆಗೆದು, ಜಗಲಿಯ ಅಂಚಿನಲ್ಲಿ ನಿಂತು, ಅಡಿಕೆ ಒಣಗುತ್ತಿರುವ ಅಂಗಳದ ಬೆಳಕಿಗೆ ಎತ್ತಿ ಹಿಡಿದು, "ಇದರಲ್ಲಿ ಎಂತ ಉಂಟು, ಸ್ವಲ್ಪ ನೋಡಿ" ಎನ್ನುತ್ತಾರೆ. ನನ್ನ ಸೋದರಮಾವ ಹಾಗೆ ಹಿಡಿದ ಫಿಲ್ಮಿನಲ್ಲಿ ಅವರ ಸೊಂಟದ ಎಲುಬುಗಳು ಸಾಲಾಗಿ ಕಾಣುತ್ತಿದ್ದವು, ಜೊತೆಗೆ ಇಂಗ್ಲಿಷಿನಲ್ಲಿ ಎರಡು ಪುಟದ ವರದಿಯಿತ್ತು. ನನ್ನ ಕಣ್ಣು ನಿಂತದ್ದು ಮಾತ್ರ ಲಕೋಟೆಗೆ ಪಿನ್ನು ಚುಚ್ಚಿ ಸಿಕ್ಕಿಸಿದ್ದ ಅಂಗೈಯಗಲದ ಚೀಟಿಯ ಮೇಲೆ. ಸ್ಕ್ಯಾನಿಂಗ್ ಮಾಡಿಸಲು ಬರೆದುಕೊಟ್ಟ ಆ ಚೀಟಿಯಲ್ಲಿ "ಸೊಂಟದ ಎಂಆರ್‌ಐ" ಎಂಬುದನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ನೋವು ಎಷ್ಟು ದಿನದ್ದು, ಕಾಲಿಗೆ ಇಳಿಯುತ್ತದೆಯೇ, ಮರದಿಂದ ಬಿದ್ದದ್ದುಂಟೇ, ಚಿತ್ರದಲ್ಲಿ ಹುಡುಕಬೇಕಾದದ್ದು ಯಾವುದು ಎಂಬ ಒಂದು ಮಾತೂ ಅದರಲ್ಲಿರಲಿಲ್ಲ.

ಮೆದುಳು, ಬೆನ್ನುಹುರಿ, ತಲೆ ಮತ್ತು ಕುತ್ತಿಗೆಯ ಕಾಯಿಲೆಗಳ ಚಿತ್ರಣದ ಬಗ್ಗೆ ಕಳೆದ ಮೂರು ದಶಕಗಳಲ್ಲಿ ನಡೆದ ಸಂಶೋಧನೆಯನ್ನು ಓದುತ್ತಾ ಬಂದ ಹಾಗೆ, ಯಂತ್ರದ ಶಕ್ತಿಗಿಂತ ಆ ಚೀಟಿಯಲ್ಲಿರುವ ಪ್ರಶ್ನೆಯೇ ದೊಡ್ಡದು ಎಂಬ ಅಭಿಪ್ರಾಯ ನನ್ನಲ್ಲಿ ಗಟ್ಟಿಯಾಗಿದೆ. ಕಾಸರಗೋಡಿನಲ್ಲಿ ನಡೆಯುವ ಚರ್ಚೆಯೆಲ್ಲ ಯಂತ್ರದ ಸುತ್ತ, ಕಟ್ಟಡದ ಸುತ್ತ, ತಜ್ಞರ ಹುದ್ದೆಯ ಸುತ್ತ ಇದೆ, ಮತ್ತು ಅದಕ್ಕೆ ನ್ಯಾಯವಾದ ಕಾರಣವೂ ಇದೆ. ಉಕ್ಕಿನಡ್ಕದಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿಗೆ ಶಿಲಾನ್ಯಾಸವಾದದ್ದು 2013ರ ನವೆಂಬರ್ 30ರಂದು. ಒಂಬತ್ತು ವರ್ಷಗಳ ನಂತರ, 2022ರ ಅಕ್ಟೋಬರಿನಲ್ಲಿ, ಸಾಮಾಜಿಕ ಕಾರ್ಯಕರ್ತೆ ದಯಾಬಾಯಿ ಅವರು ಈ ಜಿಲ್ಲೆಯ ಚಿಕಿತ್ಸಾ ಸೌಲಭ್ಯಕ್ಕಾಗಿ ತಿರುವನಂತಪುರದಲ್ಲಿ ಉಪವಾಸ ಕೂರಬೇಕಾಯಿತು. ಬೇಡಿಕೆ ಸರಿಯಾದದ್ದೇ. ಆದರೆ ಯಾವ ಚಿತ್ರ ಯಾವ ನಿರ್ಧಾರಕ್ಕೆ, ಎಷ್ಟು ಹೊತ್ತಿನೊಳಗೆ ಬೇಕು ಎಂಬುದು ಬೇಡಿಕೆಯ ಒಳಗೆ ಸೇರದಿದ್ದರೆ, ಬಂದ ಯಂತ್ರವೂ ಆ ಎರಡು ಪುಟದ ವರದಿಯಂತೆಯೇ ಕಪಾಟಿನ ವಸ್ತುವಾಗುತ್ತದೆ.

ತಲೆಬುರುಡೆಯನ್ನು ತೆರೆಯದೆ ಮೆದುಳನ್ನು ನೋಡುವುದು ಸಾಧ್ಯವಾದದ್ದು ತೀರ ಹಳೆಯ ಮಾತಲ್ಲ. 1971ರ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್‌ನಲ್ಲಿದ್ದ ಅಟ್ಕಿನ್‌ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಅವರ ಸಿಟಿ ಯಂತ್ರ, ಅಂದರೆ ಎಕ್ಸ್‌ರೇಯಿಂದ ದೇಹವನ್ನು ಪದರ ಪದರವಾಗಿ ತೋರಿಸುವ ಯಂತ್ರ, ಮೊದಲ ರೋಗಿಯ ತಲೆಯ ಚಿತ್ರ ತೆಗೆಯಿತು. ವಸ್ತುವೊಂದು ಎಕ್ಸ್‌ರೇಯನ್ನು ಎಷ್ಟು ತಡೆಯುತ್ತದೆ ಎಂಬುದಕ್ಕೆ ನೀರಿಗೆ ಸೊನ್ನೆ, ಗಾಳಿಗೆ ಋಣ 1000 ಎಂದಿಟ್ಟ ಅವರ ಅಳತೆಯಲ್ಲೇ ಇಂದಿಗೂ ಸಿಟಿ ಚಿತ್ರಗಳನ್ನು ಓದುತ್ತಾರೆ. ಮೆದುಳಿನ ಅಂಗಾಂಶ ಈ ಅಳತೆಯಲ್ಲಿ 30ರಿಂದ 40ರ ಆಸುಪಾಸಿನಲ್ಲಿದ್ದರೆ, ಆಗಷ್ಟೇ ಹೆಪ್ಪುಗಟ್ಟಿದ ರಕ್ತ 50ರಿಂದ 70ರ ನಡುವೆ ಬರುತ್ತದೆ. ಹಾಗಾಗಿ ತಲೆಯೊಳಗೆ ಸೋರಿದ ರಕ್ತ ಬೂದು ಬಣ್ಣದ ನಡುವೆ ಬಿಳಿಯಾಗಿ ಎದ್ದು ಕಾಣುತ್ತದೆ. ಎಕ್ಸ್‌ರೇ ಇಲ್ಲದೆ, ಅಯಸ್ಕಾಂತದ ಬಲದಿಂದ ಚಿತ್ರ ತೆಗೆಯುವ ಎಂಆರ್‌ಐ ಬಂದದ್ದು ಆಮೇಲೆ. ಪಾಲ್ ಲಾಟರ್‌ಬರ್ 1973ರಲ್ಲಿ ಮೊದಲ ಚಿತ್ರ ಪ್ರಕಟಿಸಿದರು. ಅವರಿಗೂ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೂ 2003ರಲ್ಲಿ ನೊಬೆಲ್ ಬಂತು. ಕಾಣುವುದೇ ಒಂದು ಸಾಧನೆಯಾಗಿದ್ದ ಕಾಲ ಅದು. ಕಂಡದ್ದರಿಂದ ಏನು ಮಾಡಬೇಕು ಎಂಬುದು ಅನಂತರದ ಸಂಶೋಧನೆಯ ವಿಷಯ. ನಮ್ಮ ಜಿಲ್ಲೆಗೆ ಮುಖ್ಯವಾದದ್ದು ಈ ಎರಡನೆಯದು.

ಪಾರ್ಶ್ವವಾಯುವಿನಿಂದ ಶುರು ಮಾಡಬಹುದು. ಬೆಳಗ್ಗೆ ಎದ್ದಾಗ ಬಾಯಿ ವಾರೆಯಾಗಿದೆ, ಬಲಗೈ ಎತ್ತಲಾಗುವುದಿಲ್ಲ, ಮಾತು ತೊದಲುತ್ತಿದೆ ಎಂದು ಒಬ್ಬರನ್ನು ಕರೆತಂದಾಗ ವೈದ್ಯರ ಮುಂದಿರುವ ಮೊದಲ ಪ್ರಶ್ನೆ, ಮೆದುಳಿನ ರಕ್ತನಾಳ ಒಡೆದಿದೆಯೇ ಅಥವಾ ಕಟ್ಟಿಕೊಂಡಿದೆಯೇ ಎಂಬುದು. ಹೊರಗಿನಿಂದ ಎರಡೂ ಒಂದೇ ರೀತಿ ಕಾಣಬಹುದು, ಚಿಕಿತ್ಸೆ ಮಾತ್ರ ಪೂರ್ತಿ ವಿರುದ್ಧ. ಕಟ್ಟಿಕೊಂಡ ನಾಳಕ್ಕೆ ಕೊಡುವ, ಹೆಪ್ಪು ಕರಗಿಸುವ ಮದ್ದನ್ನು ಒಡೆದ ನಾಳಕ್ಕೆ ಕೊಟ್ಟರೆ ಜೀವವೇ ಹೋಗಬಹುದು. ಈ ಮೊದಲ ಪ್ರಶ್ನೆಗೆ ಸಾಧಾರಣ ಸಿಟಿ ಸಾಕು, ಅದಕ್ಕೆ ಬೇಕಾದದ್ದು ಕೆಲವೇ ನಿಮಿಷ. ದೊಡ್ಡ ನಾಳ ಕಟ್ಟಿಕೊಂಡಾಗ ಚಿಕಿತ್ಸೆಯಿಲ್ಲದೆ ಕಳೆಯುವ ಒಂದೊಂದು ನಿಮಿಷಕ್ಕೂ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು 2006ರಲ್ಲಿ ಲೆಕ್ಕ ಹಾಕಲಾಯಿತು. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಮೊದಲು, ರೋಗ ಶುರುವಾದ ಹೊತ್ತಿನಿಂದ 3 ಗಂಟೆಯ ಗಡುವಿತ್ತು, 2008ರ ಅಧ್ಯಯನದ ನಂತರ ಅದು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು.

2015ರಲ್ಲಿ ದೊಡ್ಡ ತಿರುವು ಬಂತು. ನೆದರ್‌ಲ್ಯಾಂಡ್ಸ್‌ನ 'ಎಂಆರ್ ಕ್ಲೀನ್' ಎಂಬ ಅಧ್ಯಯನದಲ್ಲಿ 500 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಿಗೆ ತೊಡೆಸಂದಿಯಿಂದ ಸಣ್ಣ ನಳಿಕೆ ಹಾಯಿಸಿ ಮೆದುಳಿನ ನಾಳದ ಹೆಪ್ಪನ್ನು ಎಳೆದು ತೆಗೆದರು. ಮೂರು ತಿಂಗಳ ಬಳಿಕ ಯಾರ ಆಸರೆಯೂ ಇಲ್ಲದೆ ಬದುಕುವಂತಾದವರು ಆ ಗುಂಪಿನಲ್ಲಿ 32.6%, ಇನ್ನೊಂದರಲ್ಲಿ 19.1%. ಮತ್ತೆರಡು ಮೂರು ವರ್ಷಗಳಲ್ಲಿ 'ಡಾನ್' ಎಂಬ ಅಧ್ಯಯನ ಈ ಚಿಕಿತ್ಸೆಯನ್ನು 6ರಿಂದ 24 ಗಂಟೆಯವರೆಗೂ ಎಳೆಯಬಹುದೆಂದು ತೋರಿಸಿತು. ಅಲ್ಲಿ 206 ರೋಗಿಗಳಿದ್ದರು, ಸ್ವಾವಲಂಬಿಗಳಾದವರು ಹೆಪ್ಪು ತೆಗೆದವರಲ್ಲಿ 49%, ಉಳಿದವರಲ್ಲಿ 13%. ಗಡಿಯಾರದ ಬದಲು ಚಿತ್ರವನ್ನೇ ಆಧಾರವಾಗಿ ಹಿಡಿದದ್ದರಿಂದ ಇದು ಸಾಧ್ಯವಾಯಿತು. ಮೆದುಳಿನ ಯಾವ ಭಾಗ ಆಗಲೇ ಸತ್ತಿದೆ, ಯಾವ ಭಾಗ ರಕ್ತವಿಲ್ಲದೆ ಸೊರಗಿದ್ದರೂ ಇನ್ನೂ ಬದುಕಿದೆ ಎಂಬುದನ್ನು ವಿಶೇಷ ಚಿತ್ರಣದಿಂದ ಅಳೆದು, ಉಳಿಸಬಹುದಾದ ಭಾಗ ಇರುವವರನ್ನು ಆರಿಸಿಕೊಂಡರು. ಎದ್ದಾಗಲೇ ಕೈ ಬಿದ್ದಿದ್ದವರಿಗೆ, ಅಂದರೆ ರೋಗ ಶುರುವಾದ ಹೊತ್ತೇ ಗೊತ್ತಿಲ್ಲದವರಿಗೆ, ಇದೊಂದು ವರದಾನ.

ಇಷ್ಟು ಓದಿದವರು, ಹಾಗಾದರೆ ಜಿಲ್ಲೆಗೆ ಅಂಥ ದುಬಾರಿ ಚಿತ್ರಣ ಬಾರದೆ ಗತಿಯಿಲ್ಲ ಎಂದುಕೊಂಡಾರು. ಆದರೆ ತೀರ ಇತ್ತೀಚಿನ ಸಂಶೋಧನೆ ಹೇಳುತ್ತಿರುವುದು ಅದಕ್ಕೆ ತದ್ವಿರುದ್ಧವಾದದ್ದನ್ನು. 2023ರಲ್ಲಿ ಪ್ರಕಟವಾದ 'ಸೆಲೆಕ್ಟ್ 2' ಮತ್ತು 'ಏಂಜೆಲ್ ಆಸ್ಪೆಕ್ಟ್' ಅಧ್ಯಯನಗಳು, ಮೆದುಳಿನ ದೊಡ್ಡ ಭಾಗ ಆಗಲೇ ಹಾನಿಗೊಂಡಿದ್ದರೂ ಹೆಪ್ಪು ತೆಗೆಯುವುದರಿಂದ ಲಾಭವಿದೆ ಎಂದವು. ಅದೇ ವರ್ಷದ 'ಎಂಆರ್ ಕ್ಲೀನ್ ಲೇಟ್' ಅಧ್ಯಯನದಲ್ಲಿ 6ರಿಂದ 24 ಗಂಟೆಯೊಳಗೆ ಬಂದವರನ್ನು ಆರಿಸಲು ಬಳಸಿದ್ದು, ಸಿಟಿ ಯಂತ್ರದಲ್ಲೇ, ನಾಳಗಳು ಎದ್ದು ಕಾಣುವಂತೆ ಮಾಡುವ ಕಾಂಟ್ರಾಸ್ಟ್ ಮದ್ದು ಕೊಟ್ಟು ತೆಗೆಯುವ ರಕ್ತನಾಳದ ಚಿತ್ರವನ್ನು. ಅಕ್ಕಪಕ್ಕದ ನಾಳಗಳಿಂದ ಸ್ವಲ್ಪವಾದರೂ ರಕ್ತ ಹರಿದು ಬರುತ್ತಿದೆಯೇ ಎಂದು ಅದರಲ್ಲಿ ನೋಡಿದರು, ಅಷ್ಟೇ. ಒಳ್ಳೆಯ ಸಿಟಿ, ಕಾಂಟ್ರಾಸ್ಟ್ ಕೊಡುವ ವ್ಯವಸ್ಥೆ, ರಾತ್ರಿ ಎರಡು ಗಂಟೆಗೂ ಅದನ್ನು ನಡೆಸುವ ತಂತ್ರಜ್ಞ, ಹತ್ತು ನಿಮಿಷದೊಳಗೆ ಎಲ್ಲಿಂದಾದರೂ ಓದಿ ಹೇಳುವ ರೇಡಿಯಾಲಜಿಸ್ಟ್ ಇದ್ದರೆ, ತಾಲೂಕಿನ ಆಸ್ಪತ್ರೆಯೂ ಈ ಸರಪಣಿಯ ಮೊದಲ ಕೊಂಡಿಯಾಗಬಹುದು. ದೊಡ್ಡ ಅಧ್ಯಯನಗಳು ಸಣ್ಣ ಆಸ್ಪತ್ರೆಗಳಿಗೆ ಹೀಗೆ ದಾರಿ ಮಾಡಿಕೊಡುತ್ತಿರುವುದು ನನಗೆ ಬಹಳ ಮಹತ್ವದ್ದಾಗಿ ಕಾಣುತ್ತದೆ, ಮತ್ತು ಇದು ನಮ್ಮ ಬೇಡಿಕೆ ಪತ್ರಗಳಲ್ಲಿ ಇನ್ನೂ ಕಾಣಿಸಿಕೊಳ್ಳದಿರುವುದು ಬೇಸರದ ಸಂಗತಿ.

ದೂರದ ಪ್ರಶ್ನೆ ಇದರ ಜೊತೆಗೇ ಬರುತ್ತದೆ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಜನರಿಗೆ ಆಸ್ಪತ್ರೆ ಎಂದರೆ ಮಂಗಳೂರು, ದೇರಳಕಟ್ಟೆ. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿ.ಮೀ., ತಿರುವನಂತಪುರಕ್ಕೆ 500 ಕಿ.ಮೀ.ಗೂ ಹೆಚ್ಚು. ನಡುವೆ ತಲಪಾಡಿಯಲ್ಲಿ ರಾಜ್ಯದ ಗಡಿ. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಕಾರಣಕ್ಕೆ ಆ ಗಡಿಯನ್ನು ಮುಚ್ಚಿದಾಗ ಆಂಬುಲೆನ್ಸುಗಳು ಹಿಂದಿರುಗಿದವು, ಚಿಕಿತ್ಸೆ ಸಿಗದೆ ಸಾವುಗಳಾದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತುರ್ತು ಚಿಕಿತ್ಸೆಗೆ ಹೋಗುವವರ ದಾರಿ ತೆರೆಯುವಂತೆ ಕೇಂದ್ರ ಸರಕಾರಕ್ಕೆ ಸೂಚಿಸಬೇಕಾಯಿತು. ನಿಮಿಷಕ್ಕೆ 19 ಲಕ್ಷ ನರಕೋಶ ಎಂಬ ಲೆಕ್ಕವನ್ನು ಓದುವಾಗಲೆಲ್ಲ ರಸ್ತೆಗೆ ಅಡ್ಡಲಾಗಿ ಸುರಿದ ಆ ಮಣ್ಣಿನ ರಾಶಿ ನನಗೆ ನೆನಪಾಗುತ್ತದೆ.

ರೋಗಿಯನ್ನು ಮೊದಲು ಹತ್ತಿರದ ಆಸ್ಪತ್ರೆಗೆ ಒಯ್ದು ಚಿತ್ರ ತೆಗೆಸಬೇಕೋ, ನೇರವಾಗಿ ದೊಡ್ಡ ಆಸ್ಪತ್ರೆಗೆ ಓಡಬೇಕೋ ಎಂಬುದು ನಮ್ಮಲ್ಲಿ ಮನೆಮಂದಿ ಗಾಬರಿಯಲ್ಲಿ, ಜೀಪಿನ ಬಳಿ ನಿಂತು ತೀರ್ಮಾನಿಸುವ ವಿಷಯ. ಸ್ಪೇನಿನ ಕ್ಯಾಟಲೋನಿಯಾದಲ್ಲಿ ಇದನ್ನೇ ಪ್ರಶ್ನೆಯಾಗಿಟ್ಟು 1401 ಜನರ ಮೇಲೆ ಅಧ್ಯಯನ ನಡೆಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. 90 ದಿನಗಳ ಬಳಿಕ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸವೇ ಇರಲಿಲ್ಲ. ಇದನ್ನು ಹಾಗೆಯೇ ಇಲ್ಲಿಗೆ ತಂದು ಹಚ್ಚುವುದು ತಪ್ಪಾಗುತ್ತದೆ, ಏಕೆಂದರೆ ಅಲ್ಲಿನ ಸಣ್ಣ ಆಸ್ಪತ್ರೆಗಳಲ್ಲಿ ಚಿತ್ರ, ಮದ್ದು, ಮುಂದಕ್ಕೆ ಕಳುಹಿಸುವ ಏರ್ಪಾಡು ಎಲ್ಲವೂ ಗಡಿಯಾರದ ಮುಳ್ಳಿನಂತೆ ನಡೆಯುತ್ತವೆ. ಹತ್ತಿರದ ಆಸ್ಪತ್ರೆ ಚುರುಕಾಗಿದ್ದರೆ ಅಲ್ಲಿಗೆ ಹೋದದ್ದರಿಂದ ನಷ್ಟವಿಲ್ಲ ಎಂಬುದಷ್ಟೇ ನಾವು ತೆಗೆದುಕೊಳ್ಳಬಹುದಾದ ಪಾಠ. ಎರಡು ರಾಜ್ಯಗಳ ನಡುವೆ ಬದುಕುವ ಜಿಲ್ಲೆಯಲ್ಲಿ ಇಲ್ಲಿ ತೆಗೆದ ಚಿತ್ರ ರೋಗಿಗಿಂತ ಮುಂಚೆ ಮಂಗಳೂರಿನ ವೈದ್ಯರ ಪರದೆಗೆ ತಲುಪುವ ಒಪ್ಪಂದವೊಂದು ಇದ್ದರೆ, ಅಲ್ಲಿ ಮತ್ತೊಮ್ಮೆ ಸ್ಕ್ಯಾನಿಂಗ್ ಮಾಡಿಸುವ ಅರ್ಧ ಗಂಟೆ ಉಳಿಯುತ್ತದೆ.

ಚೀಟಿಯ ವಿಷಯಕ್ಕೆ ಬಂದರೆ, ಅದರ ಬೆಲೆಯನ್ನು ಮೂರ್ಛೆರೋಗದಷ್ಟು ಸ್ಪಷ್ಟವಾಗಿ ಬೇರಾವುದೂ ತೋರಿಸುವುದಿಲ್ಲ. ಮದ್ದಿಗೆ ಬಗ್ಗದ ಮೂರ್ಛೆರೋಗಕ್ಕೆ ಹಲವು ಸಲ ಮೆದುಳಿನ ಒಳಮಡಿಕೆಯಲ್ಲಿರುವ ಹಿಪೊಕ್ಯಾಂಪಸ್ ಎಂಬ ಭಾಗ ಕುಗ್ಗಿ ಗಡುಸಾಗಿರುವುದು ಕಾರಣ. ಅದನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದರೆ ವರ್ಷಗಳಿಂದ ಬರುತ್ತಿದ್ದ ಫಿಟ್ಸ್ ನಿಲ್ಲುವುದುಂಟು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ 1995ರಿಂದ ಇಂಥ ಶಸ್ತ್ರಚಿಕಿತ್ಸೆಗಳು ನಡೆಯುತ್ತಿವೆ. ಆದರೆ ಆ ಹಂತಕ್ಕೆ ತಲುಪಲು ಮೊದಲು ಚಿತ್ರದಲ್ಲಿ ದೋಷ ಕಾಣಬೇಕು. ಜರ್ಮನಿಯ ಬಾನ್ ನಗರದ ತಂಡವೊಂದು 2002ರಲ್ಲಿ ಪ್ರಕಟಿಸಿದ ಹೋಲಿಕೆ ನನ್ನನ್ನು ದಂಗುಬಡಿಸಿತ್ತು. ಸಾಧಾರಣ ಎಂಆರ್‌ಐಯನ್ನು ಸಾಮಾನ್ಯ ರೇಡಿಯಾಲಜಿಸ್ಟರು ಓದಿದಾಗ ದೋಷಗಳಲ್ಲಿ 39% ಮಾತ್ರ ಪತ್ತೆಯಾದವು. ಅದೇ ಚಿತ್ರಗಳನ್ನು ಮೂರ್ಛೆರೋಗದಲ್ಲಿ ಪಳಗಿದವರು ಓದಿದಾಗ 50%. ಮೂರ್ಛೆರೋಗಕ್ಕೆಂದೇ ತೆಳುವಾದ ಪದರಗಳಲ್ಲಿ, ಸರಿಯಾದ ಕೋನದಲ್ಲಿ ಮತ್ತೆ ಚಿತ್ರ ತೆಗೆದು ಪಳಗಿದವರು ಓದಿದಾಗ 91%. ಯಂತ್ರದಲ್ಲಿರುವ ಅಯಸ್ಕಾಂತ ಎಷ್ಟು ಬಲದ್ದು ಎಂಬುದಕ್ಕಿಂತ, ಅದರ ಮುಂದೆ ಕೂತವರಿಗೆ ತಾನು ಏನನ್ನು ಹುಡುಕುತ್ತಿದ್ದೇನೆ ಎಂಬುದು ಗೊತ್ತಿದೆಯೇ ಎಂಬುದೇ ಇಲ್ಲಿ ನಿರ್ಣಾಯಕವಾಯಿತು. ಚೀಟಿಯಲ್ಲಿ "ಮೆದುಳಿನ ಎಂಆರ್‌ಐ" ಎಂದಷ್ಟೇ ಬರೆದರೆ ಸಾಧಾರಣ ಚಿತ್ರ ಬರುತ್ತದೆ, ವರದಿಯಲ್ಲಿ "ದೋಷವಿಲ್ಲ" ಎಂದು ಬರುತ್ತದೆ, ಮನೆಯವರು ಆ ಮಾತನ್ನು ನಂಬಿ ಹರಕೆ ಹೊತ್ತುಕೊಂಡು ಇನ್ನೂ ಹತ್ತು ವರ್ಷ ಕಳೆಯುತ್ತಾರೆ. "ಎಡಗೈಯಿಂದ ಶುರುವಾಗುವ ಫಿಟ್ಸ್, ಎರಡು ಮದ್ದಿಗೂ ಬಗ್ಗಿಲ್ಲ, ಮೂರ್ಛೆರೋಗದ ಕ್ರಮದಲ್ಲಿ ತೆಗೆಯಿರಿ" ಎಂಬ ಒಂದು ಸಾಲು ಬರೆಯಲು ಖರ್ಚೇನೂ ಇಲ್ಲ.

ಸರಿಯಾದ ಪ್ರಶ್ನೆ ಕೇಳಿದ್ದರಿಂದ ಅನಗತ್ಯ ಚಿಕಿತ್ಸೆ ತಪ್ಪಿದ ಉದಾಹರಣೆ ನಮ್ಮ ದಕ್ಷಿಣದಲ್ಲೇ ಇದೆ. ಸಿಟಿ ಯಂತ್ರಗಳು ಭಾರತಕ್ಕೆ ಬಂದ ಹೊಸದರಲ್ಲಿ, ಫಿಟ್ಸ್ ಬಂದ ಎಷ್ಟೋ ಜನರ ಮೆದುಳಿನಲ್ಲಿ ಉಂಗುರದಂತೆ ಹೊಳೆಯುವ ಒಂದೇ ಒಂದು ಸಣ್ಣ ಗಂಟು ಕಾಣತೊಡಗಿತು. ನಮ್ಮ ದೇಶದಲ್ಲಿ ಕ್ಷಯ ಹೆಚ್ಚು, ಆದ್ದರಿಂದ ಅದು ಕ್ಷಯದ ಗಂಟೆಂದು ತಿಳಿದು ತಿಂಗಳುಗಟ್ಟಲೆ ಕ್ಷಯದ ಮಾತ್ರೆ ಕೊಡುತ್ತಿದ್ದರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ವೇದಾಂತಂ ರಾಜಶೇಖರ್, ಮ್ಯಾಥ್ಯೂ ಚಾಂಡಿ ಮತ್ತು ಅವರ ಸಹೋದ್ಯೋಗಿಗಳು ಇಂಥ ಗಂಟುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹೆಚ್ಚಿನವು ಲಾಡಿಹುಳದ ಮರಿ ಸತ್ತು ಉಳಿದ ಗಾಯಗಳಾಗಿದ್ದವು. 20 ಮಿ.ಮೀ. ಮೀರದ ಒಂದೇ ಗಂಟು, ಮೆದುಳಿನ ನಡುಗೆರೆಯನ್ನು ಸರಿಸದಷ್ಟೇ ಬಾವು, ಮೈಯಲ್ಲಿ ಬೇರೆ ರೋಗದ ಲಕ್ಷಣವಿಲ್ಲದಿರುವುದು ಎಂಬಂಥ ನಿಯಮಗಳನ್ನು ಅವರು ರೂಪಿಸಿದರು. ಈ ಲಕ್ಷಣಗಳಿದ್ದರೆ ತಲೆ ಕೊರೆಯಬೇಕಿಲ್ಲ, ಕ್ಷಯದ ಮದ್ದೂ ಬೇಡ. ಫಿಟ್ಸ್‌ಗೆ ಮಾತ್ರೆ ಕೊಟ್ಟು, ಕೆಲವು ತಿಂಗಳ ಬಳಿಕ ಮತ್ತೆ ಚಿತ್ರ ತೆಗೆದರೆ ಎಷ್ಟೋ ಜನರಲ್ಲಿ ಗಂಟು ತಾನಾಗಿ ಮಾಯವಾಗಿರುತ್ತದೆ. ಇದಕ್ಕೆ ಹೊಸ ಯಂತ್ರವೇನೂ ಬೇಕಾಗಲಿಲ್ಲ, ಆಗಲೇ ಇದ್ದ ಯಂತ್ರದ ಚಿತ್ರವನ್ನು ನಮ್ಮ ರೋಗಿಗಳ ಕಾಯಿಲೆಯ ಬೆಳಕಿನಲ್ಲಿ ಓದಲು ಕಲಿತರು.

ಇನ್ನು ಸೊಂಟ. ಅಡಿಕೆ ಹೆಕ್ಕುವುದು, ಸುಲಿಯುವುದು, ಮದ್ದು ಬಿಡುವುದು, ನೀರು ಹಾಯಿಸುವುದು ಎಂದು ಜೀವಮಾನವಿಡೀ ಬಾಗಿ ಎದ್ದವರ ಊರಿದು. ಐವತ್ತು ದಾಟಿದವರಲ್ಲಿ ಸೊಂಟನೋವಿಲ್ಲದವರು ಸಿಗುವುದು ಕಷ್ಟ. ಎಂಆರ್‌ಐ ಮಾಡಿಸಿದರೆ ವರದಿಯಲ್ಲಿ ಡಿಸ್ಕ್ (ಬೆನ್ನೆಲುಬುಗಳ ನಡುವಿನ ಮೆತ್ತೆ) ಉಬ್ಬಿದೆ, ಡಿಸ್ಕ್ ಒಣಗಿದೆ, ಎಲುಬು ಸವೆದಿದೆ ಎಂದು ಬರುವುದೇ ಹೆಚ್ಚು. ಆದರೆ ನೋವೇ ಇಲ್ಲದವರ ಎಂಆರ್‌ಐಯಲ್ಲೂ ಅದೇ ಬರುತ್ತದೆ. ಸೊಂಟನೋವಿಲ್ಲದ 98 ಜನರ ಚಿತ್ರ ತೆಗೆದು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 52% ಜನರಿಗೆ ಒಂದಾದರೂ ಡಿಸ್ಕ್ ಉಬ್ಬಿತ್ತು. ಎಲ್ಲ ಡಿಸ್ಕುಗಳೂ ಸರಿಯಾಗಿದ್ದವರು 36% ಮಾತ್ರ. ಮುಂದೆ 2015ರಲ್ಲಿ 3110 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಯಾವ ನೋವೂ ಇಲ್ಲದ 20 ವಯಸ್ಸಿನವರಲ್ಲಿ 37% ಮಂದಿಗೆ ಡಿಸ್ಕ್ ಸವೆತ ಶುರುವಾಗಿದ್ದರೆ, 80ರ ವಯಸ್ಸಿಗೆ ಅದು 96% ಆಗಿತ್ತು. ಸವೆದ ಡಿಸ್ಕೆಂದರೆ ಹೆಚ್ಚಿನ ಮಟ್ಟಿಗೆ ನರೆತ ಕೂದಲಿನಂತೆ, ವಯಸ್ಸಿನ ಗುರುತು.

ಇದು ತಿಳಿಯದೆ ಹೋದಾಗ ಆಗುವ ಹಾನಿಯನ್ನು ನಾನು ಹತ್ತಿರದಿಂದ ಕಂಡಿದ್ದೇನೆ. "ಡಿಸ್ಕ್ ಜಾರಿದೆಯಂತೆ, ಇನ್ನು ಬಾಗಲಿಕ್ಕಿಲ್ಲ, ಭಾರ ಎತ್ತಲಿಕ್ಕಿಲ್ಲ" ಎಂದು ಮಾವ ತೋಟಕ್ಕಿಳಿಯುವುದನ್ನೇ ಬಿಟ್ಟರು. ಮಂಚದಿಂದ ಏಳುವಾಗ ಒಂದು ಕೈ ಗೋಡೆಗೆ ಕೊಟ್ಟು, ಇನ್ನೊಂದು ಕೈಯಲ್ಲಿ ಸೊಂಟ ಹಿಡಿದು, ಮಡಕೆ ಹೊತ್ತವರಂತೆ ಮೆಲ್ಲನೆ ನಿಲ್ಲುವುದು ಅಭ್ಯಾಸವಾಯಿತು. ನಡೆದಾಡಿದರೆ, ಕೆಲಸ ಮಾಡಿದರೆ ವಾಸಿಯಾಗುವ ನೋವು ಮಲಗಿದ್ದರಿಂದ ಉಳಿದುಕೊಂಡಿತು. ಬ್ರಿಟನ್ನಿನಲ್ಲಿ ಸೊಂಟನೋವಿನ 421 ರೋಗಿಗಳ ಮೇಲೆ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಕ್ಸ್‌ರೇ ತೆಗೆಸಿದವರಲ್ಲಿ ಮೂರು ತಿಂಗಳ ಬಳಿಕ ನೋವು ಉಳಿದಿದೆ ಎಂದವರೇ ಹೆಚ್ಚು. ಆದರೂ ಚಿಕಿತ್ಸೆಯ ಬಗ್ಗೆ ಹೆಚ್ಚು ತೃಪ್ತಿಯಿದ್ದವರೂ ಅವರೇ. ಚಿತ್ರ ತೆಗೆಸಿದ ಸಮಾಧಾನ ಮತ್ತು ಚಿತ್ರದಿಂದಾದ ಭಯ ಒಂದೇ ಲಕೋಟೆಯಲ್ಲಿ ಮನೆಗೆ ಬರುತ್ತವೆ.

ವರದಿಯ ಕೊನೆಗೆ "ಇಂಥ ಬದಲಾವಣೆ ನೋವಿಲ್ಲದವರಲ್ಲೂ ಇಷ್ಟು ಮಂದಿಗೆ ಇರುತ್ತದೆ" ಎಂದು ಒಂದೆರಡು ಸಾಲು ಸೇರಿಸಿದರೆ ಸಾಕಲ್ಲವೇ ಎಂದು ಅಮೆರಿಕದಲ್ಲಿ ಪರೀಕ್ಷಿಸಿದರು. ಸುಮಾರು 2 ಲಕ್ಷ 40 ಸಾವಿರ ರೋಗಿಗಳ ಆ ದೊಡ್ಡ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು. ಬೆನ್ನಿನ ಚಿಕಿತ್ಸೆಗೆ ಮಾಡುವ ಓಡಾಟ, ವೆಚ್ಚ ಕಡಿಮೆಯಾಗಲಿಲ್ಲ. ಅಫೀಮು ವರ್ಗದ ನೋವಿನ ಮಾತ್ರೆ ಬರೆಯುವುದು ಮಾತ್ರ ಅಲ್ಪ ಪ್ರಮಾಣದಲ್ಲಿ ಇಳಿಯಿತು. ಅಂದರೆ ಅಚ್ಚಾದ ಸಾಲು ತನ್ನಷ್ಟಕ್ಕೆ ಕೆಲಸ ಮಾಡುವುದಿಲ್ಲ, ರೋಗಿಯ ಎದುರು ಕೂತು, ಅವನ ಮಾತಿನಲ್ಲಿ ಹೇಳುವವರು ಬೇಕು.

ಹಾಗೆಂದು ಬೆನ್ನಿನ ಚಿತ್ರವೇ ಬೇಡ ಎಂದಲ್ಲ. ಸೊಂಟನೋವಿನ ಜೊತೆ ಮೂತ್ರ ಕಟ್ಟಿದರೆ, ಗುದದ್ವಾರದ ಸುತ್ತ ಜೋಮು ಹಿಡಿದರೆ, ಪಾದ ಎತ್ತಲಾಗದಿದ್ದರೆ, ಜ್ವರವಿದ್ದರೆ, ಮೊದಲು ಕ್ಯಾನ್ಸರ್ ಆಗಿದ್ದರೆ ತಡಮಾಡದೆ ಎಂಆರ್‌ಐ ಬೇಕು. ಅಡಿಕೆ ಮರ, ತೆಂಗಿನ ಮರದಿಂದ ಬಿದ್ದವರ ಕತೆಯಂತೂ ಪೂರ್ತಿ ಬೇರೆ. ಎಲುಬು ಮುರಿದದ್ದನ್ನು ಸಿಟಿ ಚೆನ್ನಾಗಿ ತೋರಿಸುತ್ತದೆ, ಒಳಗಿನ ನರಹುರಿ ಜಜ್ಜಿದ್ದನ್ನು ಎಂಆರ್‌ಐ ತೋರಿಸುತ್ತದೆ. ಆದರೆ ಆ ಎರಡಕ್ಕೂ ಮೊದಲು ಇನ್ನೊಂದಿದೆ: ಬಿದ್ದವರನ್ನು ಇಬ್ಬರು ಕಂಕುಳಿಗೆ ಕೈ ಹಾಕಿ ಎತ್ತಿ ಆಟೋದಲ್ಲಿ ಕೂರಿಸಿದರೆ, ಮುರಿದ ಎಲುಬು ಸರಿದು, ಅಲ್ಲಿಯವರೆಗೆ ಉಳಿದಿದ್ದ ನರಹುರಿ ದಾರಿಯಲ್ಲೇ ಕತ್ತರಿಸಿಹೋಗಬಹುದು. ಹಲಗೆಯ ಮೇಲೆ, ಕುತ್ತಿಗೆ ಅಲುಗದಂತೆ, ಮಲಗಿಸಿಯೇ ಒಯ್ಯಬೇಕು. ಕುತ್ತಿಗೆಯ ಚಿತ್ರ ಯಾರಿಗೆ ಬೇಡ ಎಂಬುದಕ್ಕೂ ನಿಯಮವಿದೆ. ಅಮೆರಿಕದ ಆಸ್ಪತ್ರೆಗಳಲ್ಲಿ 34,069 ಗಾಯಾಳುಗಳನ್ನು ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದ ಆ ನಿಯಮದ ಪ್ರಕಾರ, ಕುತ್ತಿಗೆಯ ನಡುಗೆರೆಯಲ್ಲಿ ಒತ್ತಿದರೆ ನೋವಿಲ್ಲ, ಕುಡಿದಿಲ್ಲ, ಪೂರ್ತಿ ಎಚ್ಚರವಿದೆ, ಕೈಕಾಲಿನ ಶಕ್ತಿ ಕುಂದಿಲ್ಲ, ಗಮನ ಸೆಳೆಯುವಷ್ಟು ನೋವಿನ ಬೇರೆ ಗಾಯವಿಲ್ಲ ಎಂದಾದರೆ ಚಿತ್ರದ ಅಗತ್ಯವಿಲ್ಲ. ಕುತ್ತಿಗೆಗೆ ಏಟಾಗಿದ್ದ 818 ಮಂದಿಯಲ್ಲಿ ಈ ನಿಯಮದಿಂದ ತಪ್ಪಿಹೋದವರು 8 ಜನ ಮಾತ್ರ.

ಈ ಜಿಲ್ಲೆಯಲ್ಲಿ ಮೆದುಳಿನ ಚಿತ್ರಣದ ಬಗ್ಗೆ ಬರೆಯುವಾಗ ಎಂಡೋಸಲ್ಫಾನನ್ನು ದಾಟಿ ಹೋಗಲು ನನ್ನಿಂದಾಗುವುದಿಲ್ಲ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಈ ಕೀಟನಾಶಕವನ್ನು ಸುರಿದರು. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆಯಂಥ ಪಂಚಾಯತುಗಳಲ್ಲಿ ತಲೆ ದೊಡ್ಡದಾದ ಮಕ್ಕಳು, ನಡೆಯಲಾಗದ, ಮಾತಾಡಲಾಗದ ಮಕ್ಕಳು ಒಂದೇ ಕಡೆ ಇಷ್ಟು ಏಕೆ ಎಂದು ಪಡ್ರೆ ಗ್ರಾಮದ ವಾಣೀನಗರದ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ಅವರು ಕೇಳತೊಡಗಿದ್ದರು, ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ತಿಳಿಸಿದರು. 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ ಶಾಲಾಮಕ್ಕಳನ್ನು, ಸಿಂಪಡಣೆಯಾಗದ ಮೀಂಜ ಪಂಚಾಯತಿನ ಮಕ್ಕಳೊಂದಿಗೆ ಹೋಲಿಸಿ ಪರೀಕ್ಷಿಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ಈ ಕೀಟನಾಶಕವನ್ನು ನಿಷೇಧಿಸಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಆದೇಶಿಸಿತು.

ಈ ಮಕ್ಕಳ ಎಂಆರ್‌ಐ ತೆಗೆದರೆ ಎಂಡೋಸಲ್ಫಾನೇ ಕಾರಣವೆಂದು ಸಾಬೀತಾಗುವುದಿಲ್ಲವೇ ಎಂಬ ಪ್ರಶ್ನೆ ಇಲ್ಲಿ ಸಭೆಗಳಲ್ಲಿ ಏಳುತ್ತದೆ. ಆಗುವುದಿಲ್ಲ, ಮತ್ತು ಇದನ್ನು ಪ್ರಾಮಾಣಿಕವಾಗಿ ಹೇಳಬೇಕು. ಕೆಲವು ರೋಗಗಳು ಮೆದುಳಿನಲ್ಲಿ ತಮ್ಮದೇ ಸಹಿ ಬಿಟ್ಟುಹೋಗುತ್ತವೆ. 2015ರ ಹೊತ್ತಿಗೆ ಬ್ರೆಜಿಲಿನಲ್ಲಿ ಝೀಕಾ ವೈರಸ್ ಸೋಂಕಿನೊಂದಿಗೆ ಹುಟ್ಟಿದ ಶಿಶುಗಳ ಸಿಟಿಯಲ್ಲಿ, ಮೆದುಳಿನ ಹೊರಪದರ ಮತ್ತು ಒಳಪದರ ಸೇರುವ ಕಡೆ ಸುಣ್ಣದ ಚುಕ್ಕೆಗಳು ಎದ್ದು ಕಂಡವು. ಕೀಟನಾಶಕಕ್ಕೆ ಅಂಥ ಸಹಿಯನ್ನು ಯಾರೂ ಗುರುತಿಸಿಲ್ಲ. ಕ್ಲೋರ್‌ಪೈರಿಫಾಸ್ ಎಂಬ ಇನ್ನೊಂದು ಕೀಟನಾಶಕದ ಬಗ್ಗೆ ನ್ಯೂಯಾರ್ಕಿನಲ್ಲಿ 40 ಮಕ್ಕಳ ಎಂಆರ್‌ಐ ತೆಗೆದು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗರ್ಭದಲ್ಲಿದ್ದಾಗ ಅದಕ್ಕೆ ಹೆಚ್ಚು ಒಡ್ಡಿಕೊಂಡ ಮಕ್ಕಳ ಮೆದುಳಿನ ಹೊರಪದರದ ಆಕಾರದಲ್ಲಿ ವ್ಯತ್ಯಾಸಗಳಿದ್ದವು. ಅದು ಗುಂಪಿಗೂ ಗುಂಪಿಗೂ ನಡುವಿನ ವ್ಯತ್ಯಾಸ. ಒಂದು ಮಗುವಿನ ಫಿಲ್ಮನ್ನು ಬೆಳಕಿಗೆ ಹಿಡಿದು, ಇದು ಕೀಟನಾಶಕದ್ದು ಎನ್ನಲು ಅದರಿಂದ ಸಾಧ್ಯವಿಲ್ಲ.

ಚಿತ್ರ ಹೇಳಬಲ್ಲ ಇನ್ನೊಂದು ವಿಷಯವಿದೆ, ಅದು ಕಾಲ. ಗರ್ಭದ ಮೊದಲಾರ್ಧದಲ್ಲಿ ಪೆಟ್ಟಾದರೆ ಮೆದುಳಿನ ರಚನೆಯೇ ಏರುಪೇರಾಗುತ್ತದೆ. ಏಳೆಂಟನೆಯ ತಿಂಗಳ ಆಸುಪಾಸಿನ ಪೆಟ್ಟು ಒಳಗಿನ ಬಿಳಿ ಭಾಗವನ್ನು ಕೆಡಿಸುತ್ತದೆ, ಹೆರಿಗೆಯ ಹೊತ್ತಿನಲ್ಲಿ ಉಸಿರುಕಟ್ಟಿದ್ದರೆ ಆಳದ ನರಗಂಟುಗಳು ಕೆಡುತ್ತವೆ. ಯುರೋಪಿನಲ್ಲಿ ಸೆರೆಬ್ರಲ್ ಪಾಲ್ಸಿಯಿರುವ, ಅಂದರೆ ಎಳವೆಯಲ್ಲೇ ಮೆದುಳಿಗಾದ ತೊಂದರೆಯಿಂದ ಕೈಕಾಲಿನ ಚಲನೆ ಕುಂಠಿತವಾದ, 351 ಮಕ್ಕಳ ಎಂಆರ್‌ಐಯನ್ನು ಹೀಗೆ ವಿಂಗಡಿಸಿ 2006ರಲ್ಲಿ ಪ್ರಕಟಿಸಿದಾಗ 42.5% ಮಕ್ಕಳಲ್ಲಿ ಬಿಳಿ ಭಾಗದ ಹಾನಿಯಿತ್ತು, 9.1% ಮಕ್ಕಳಲ್ಲಿ ರಚನೆಯ ದೋಷವಿತ್ತು, 11.7% ಮಕ್ಕಳ ಚಿತ್ರದಲ್ಲಿ ಏನೂ ಇರಲಿಲ್ಲ. ನಮ್ಮ ಮಕ್ಕಳಲ್ಲಿ ಈ ಪ್ರಮಾಣ ಬೇರೆಯಾಗಿದೆಯೇ, ರಚನೆಯ ದೋಷ ಹೆಚ್ಚಿದೆಯೇ ಎಂಬುದು ಉತ್ತರವಿರುವ ಪ್ರಶ್ನೆ, ಕೇಳಬೇಕಾದ ಪ್ರಶ್ನೆ. ಆದರೆ ಅದನ್ನು ಕೇಳುವವರು ಒಂದು ಮಾತು ನೆನಪಿಡಬೇಕು. ಇಲ್ಲಿನ ತಾಯಂದಿರು ಬೆಳೆದ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಶಿಬಿರದಿಂದ ಶಿಬಿರಕ್ಕೆ ಅಲೆದಿದ್ದಾರೆ. ಅಲುಗದೆ ಮಲಗಲಾಗದ ಮಗುವಿಗೆ ಎಂಆರ್‌ಐ ಎಂದರೆ ಅರೆವಳಿಕೆಯ ಮದ್ದು, ಅದರ ಅಪಾಯ, ಕೆಲವು ಗಂಟೆಗಳ ಉಪವಾಸ ಮತ್ತು ಪ್ರಯಾಣ. ಹಾಗಾಗಿ ಅದೇ ಚಿತ್ರದಿಂದ ಆ ಮಗುವಿನ ಫಿಟ್ಸ್‌ಗೋ, ತಲೆಯಲ್ಲಿ ತುಂಬಿದ ನೀರಿಗೋ, ಕೈಕಾಲಿನ ಬಿಗಿತಕ್ಕೋ ಚಿಕಿತ್ಸೆ ಬದಲಾಗುವಂತಿದ್ದರೆ ಮಾತ್ರ ಅಂಥ ಸಂಶೋಧನೆ ನ್ಯಾಯವಾಗುತ್ತದೆ ಎಂಬುದು ನನ್ನ ಗಟ್ಟಿ ನಿಲುವು.

ಬಾಯಿ ಮತ್ತು ಕುತ್ತಿಗೆಯ ಬಗ್ಗೆ ಎರಡು ಮಾತು ಸಾಕು. ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕ ವಸ್ತುಗಳ ಮೊದಲ ವರ್ಗದಲ್ಲಿ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದವುಗಳಲ್ಲಿ, ಇಟ್ಟಿದೆ. ಅಡಿಕೆಯಿಂದಲೇ ಬದುಕುವ ಊರಿಗೆ ಇದು ನುಂಗಲಾಗದ ತುತ್ತು, ಆದರೆ ಎಲೆಯಡಿಕೆ ಹಾಕುವವರ ಕೆನ್ನೆಯೊಳಗಿನ ಹುಣ್ಣನ್ನು ಕಡೆಗಣಿಸಲು ಅದು ಕಾರಣವಾಗಬಾರದು. ಕೆನ್ನೆ ಮತ್ತು ವಸಡು ಅಂಟಿಕೊಂಡಿದ್ದರೆ ಸಿಟಿಯಲ್ಲಿ ಗಡ್ಡೆ ಯಾವುದಕ್ಕೆ ಸೇರಿದ್ದೆಂದು ತಿಳಿಯುವುದಿಲ್ಲ, ರೋಗಿಗೆ ಕೆನ್ನೆಯನ್ನು ಗಾಳಿಯಿಂದ ಉಬ್ಬಿಸಲು ಹೇಳಿ ಚಿತ್ರ ತೆಗೆದರೆ ಎರಡೂ ಬೇರೆಯಾಗಿ ಕಾಣುತ್ತವೆ. ಇದಕ್ಕೂ ಖರ್ಚಿಲ್ಲ, ಚೀಟಿಯಲ್ಲಿ ಒಂದು ಪದ ಬೇಕು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನಲ್ಲಿ ಚಿತ್ರವೇ ಶಸ್ತ್ರಚಿಕಿತ್ಸೆಯನ್ನು ತಪ್ಪಿಸಿದ್ದೂ ಇದೆ. ಬ್ರಿಟನ್ನಿನ 564 ರೋಗಿಗಳ ಅಧ್ಯಯನವೊಂದರಲ್ಲಿ, ವಿಕಿರಣ ಚಿಕಿತ್ಸೆ ಮುಗಿದು 12 ವಾರಗಳ ಬಳಿಕ ಪೆಟ್ ಸಿಟಿ (ಇನ್ನೂ ಚುರುಕಾಗಿರುವ ಗಡ್ಡೆಯನ್ನು ತೋರಿಸುವ ಸ್ಕ್ಯಾನಿಂಗ್) ನೋಡಿ ತೀರ್ಮಾನಿಸಿದಾಗ ಕುತ್ತಿಗೆಯ ಶಸ್ತ್ರಚಿಕಿತ್ಸೆಗಳು 221ರ ಬದಲು 54 ಆದವು, ಬದುಕುಳಿದವರ ಪ್ರಮಾಣದಲ್ಲಿ ಕೊರತೆಯಾಗಲಿಲ್ಲ.

ಓದುವ ಕೆಲಸವನ್ನು ಕೃತಕ ಬುದ್ಧಿಮತ್ತೆಗೆ ಒಪ್ಪಿಸುವ ಪ್ರಯತ್ನದಲ್ಲಿ ಭಾರತದ ಚಿತ್ರಗಳಿಗೆ ದೊಡ್ಡ ಪಾಲಿದೆ. ಮುಂಬೈಯ ಕ್ಯೂರ್ ಎಐ ತಂಡ 2018ರಲ್ಲಿ ಪ್ರಕಟಿಸಿದ ಕೆಲಸಕ್ಕೆ ದೇಶದ ಸುಮಾರು 20 ಕೇಂದ್ರಗಳಿಂದ 3,13,318 ತಲೆಯ ಸಿಟಿಗಳನ್ನು ಬಳಸಿತು, 491 ಸಿಟಿಗಳ ಒಂದು ಸಂಗ್ರಹವನ್ನು ಎಲ್ಲರಿಗೂ ಮುಕ್ತವಾಗಿಟ್ಟಿತು. ರೇಡಿಯಾಲಜಿಸ್ಟ್ ಇಲ್ಲದ ರಾತ್ರಿಯಲ್ಲಿ, ಸಾಲಿನಲ್ಲಿರುವ ಇಪ್ಪತ್ತು ಸಿಟಿಗಳಲ್ಲಿ ಈ ಒಂದರಲ್ಲಿ ರಕ್ತಸ್ರಾವವಿದೆ, ಇದನ್ನು ಮೊದಲು ನೋಡಿ ಎಂದು ಎಚ್ಚರಿಸುವ ತಂತ್ರಾಂಶ ನಮ್ಮಂಥ ಜಿಲ್ಲೆಗೆ ಖಂಡಿತ ಉಪಯುಕ್ತ. ಆದರೆ ಅದು ತಾನು ಕಲಿತ ಪ್ರಶ್ನೆಗೆ ಮಾತ್ರ ಉತ್ತರಿಸುತ್ತದೆ. ರಕ್ತಸ್ರಾವ ಹುಡುಕಲು ಕಲಿತದ್ದಕ್ಕೆ ಹಿಪೊಕ್ಯಾಂಪಸ್ ಕುಗ್ಗಿದ್ದು ಕಾಣುವುದಿಲ್ಲ.

ಕೊನೆಯದಾಗಿ ಭಾಷೆ. ನಮ್ಮಲ್ಲಿ ರೋಗಿ ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಹವಿಗನ್ನಡವನ್ನೋ ಆಡುತ್ತಾನೆ, ವೈದ್ಯರು ಮಲಯಾಳದಲ್ಲಿ ಕೇಳುತ್ತಾರೆ, ಚೀಟಿ ಮತ್ತು ವರದಿ ಇಂಗ್ಲಿಷಿನಲ್ಲಿ ಬರುತ್ತವೆ. "ಜೋಮು" ಎಂದದ್ದು "ನೋವು" ಎಂದಾಗುವುದಕ್ಕೆ ಇಷ್ಟು ಸಾಕು, ಮತ್ತು ಸೊಂಟದ ಕಾಯಿಲೆಯಲ್ಲಿ ಆ ಎರಡರ ನಡುವಿನ ವ್ಯತ್ಯಾಸ ಒಂದು ತುರ್ತು ಶಸ್ತ್ರಚಿಕಿತ್ಸೆಯಷ್ಟು ದೊಡ್ಡದು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ, ಸರಕಾರದೊಂದಿಗಿನ ಪತ್ರವ್ಯವಹಾರದಲ್ಲಿ ಇಲ್ಲಿನ ಕನ್ನಡಿಗರಿಗೆ ಕನ್ನಡವನ್ನು ಬಳಸುವ ಹಕ್ಕು ಕೊಟ್ಟಿದೆ. ಭೂಕಂದಾಯದ ಅರ್ಜಿಗೆ ಕನ್ನಡದಲ್ಲಿ ಉತ್ತರ ಕೇಳುವ ನಾವು, ಸರಕಾರಿ ಆಸ್ಪತ್ರೆಯ ಸ್ಕ್ಯಾನಿಂಗ್ ವರದಿಯ ಜೊತೆಗೆ ಕನ್ನಡದಲ್ಲಿ ಅರ್ಧ ಪುಟದ ಸಾರಾಂಶವನ್ನೂ ಕೇಳಬೇಕು. ವೈದ್ಯರಿಗೆ ರೋಗಲಕ್ಷಣ ಹೇಳುವಾಗ, ಅದನ್ನು ಚೀಟಿಯಲ್ಲಿ ಬರೆಯುವಿರಾ ಎಂದೂ ಕೇಳಬೇಕು. ಫಿಲ್ಮಿನ ಜೊತೆಗೆ ಚಿತ್ರಗಳ ಸಿಡಿಯನ್ನು ತಪ್ಪದೆ ಪಡೆಯಬೇಕು, ಏಕೆಂದರೆ ಫಿಲ್ಮಿನಲ್ಲಿ ಅಚ್ಚಾಗುವುದು ನೂರಾರು ಪದರಗಳಲ್ಲಿ ಆರಿಸಿದ ಕೆಲವು ಮಾತ್ರ. ಮಂಗಳೂರಿನಲ್ಲೋ ತಿರುವನಂತಪುರದಲ್ಲೋ ಮುಂದಿನ ವರ್ಷ ಇನ್ನೊಂದು ಚಿತ್ರ ತೆಗೆದಾಗ, ಗಂಟು ಬೆಳೆದಿದೆಯೇ, ಕುಗ್ಗಿದೆಯೇ, ಮೊದಲೇ ಅಷ್ಟೇ ಇತ್ತೇ ಎಂದು ಹೇಳಲು ಅಲ್ಲಿನವರು ಮೊದಲು ಕೇಳುವುದು ಹಳೆಯ ಆ ಸಿಡಿಯನ್ನೇ.